ಬ್ಯಾಡಗಿಯ ಸ್ವಂತ ಮನೆ

ಪದ್ಮಾಬಾಯಿಯವರು ಫೋನಿನಲ್ಲಿ "ಹುಡುಗಂದು ಬ್ಯಾಡಗಿಯೊಳಗ ಸೈಟ್ ಅದ" ಎಂದು ಹೇಳಬೇಕಾಗಿತ್ತು. "ಸ್ವಂತ ಮನಿ ಅದ" ಎಂದುಬಿಟ್ಟರು. ಹೇಳಿದ್ದು ಸುಳ್ಳು ಎಂದು ಅವರಿಗೆ ಅನ್ನಿಸಲೇ ಇಲ್ಲ. ಸೈಟ್ ಇದ್ದ ಮೇಲೆ ಮನೆ ಎಲ್ಲಿಗೆ ಹೋಗುತ್ತದೆ?

ಆ ಸೈಟಿನಲ್ಲಿ ಸದ್ಯಕ್ಕೆ ಜಾಲಿಕಂಟಿ ಇತ್ತು. ಅದರ ಒಡೆಯ ವಿಜಯಮಹಾಂತೇಶ ರಾಣೇಬೆನ್ನೂರಿನಲ್ಲಿ ಪದ್ಮಾಬಾಯಿಯವರ ಮನೆಯ ಕೆಳಗಿನ ಖೋಲಿಯಲ್ಲಿ ಬಾಡಿಗೆಗಿದ್ದ. ಡಬ್ಬಿಯಂಥ ಮಾನಿಟರಿನ ಒಂದು ಕಂಪ್ಯೂಟರ್ ಇಟ್ಟುಕೊಂಡು, ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂದು ಚಿತ್ರ ಮಾಡಿಕೊಡುವುದು ಅವನ ಕಸುಬು. ಯಾರು ಏನು ಹೇಳಿದರೂ ಹೂಂ ಅನ್ನುವುದು ಅವನ ಸ್ವಭಾವ. ಎರಡೂ ಸೇರಿದರೆ ಮನುಷ್ಯ ಉದ್ಧಾರವಾಗುವುದು ಕಷ್ಟ.

ಫೋನಿನ ಆ ತುದಿಯಲ್ಲಿದ್ದವರು ಗುತ್ತಲದ ಕೊಟ್ರಪ್ಪ, ಭುವನಾಳ ತಂದೆ. ಹುಡುಗ ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಹೆಣ್ಣಿನವರು ಬಂದು ಹುಡುಗನ ಮನೆ ನೋಡುವುದೊಂದು ಬಾಕಿ. ನಳ ತಿರುವಿ, ಗೋಡೆ ತಟ್ಟಿ, ಅಡಿಗೆಮನೆ ಇಣುಕಿ ಹೂಂ ಅನ್ನುವವರೆಗೆ ನಮ್ಮ ಕಡೆ ಯಾವ ಸಂಬಂಧವೂ ಗಟ್ಟಿಯಾಗುವುದಿಲ್ಲ.

"ಬಾಯಾರ, ಮನಿ ಎಲ್ಲೈತ್ರಿ?" ಎಂದು ವಿಜಯಮಹಾಂತೇಶ ಕೇಳಿದ.

"ಹೆದರಬ್ಯಾಡೊ. ಅವರು ಬ್ಯಾಡಗಿಗೆ ಹೋಗೂದಿಲ್ಲ. ಮೆಣಸಿನಕಾಯಿ ಘಾಟಿಗೆ ಸೀನು ಹತ್ತಿದ್ರ ನಿಲ್ಲೂದಿಲ್ಲಂತ. ಸಂಜಿಗೆ ಇಲ್ಲಿಗೇ ಬರ್ತಾರ, ಫೋಟೋ ತೋರಸ್ರಿ ಸಾಕು ಅಂದಾರ. ನಿನ್ನ ಮನೀದು ಚಿತ್ರ ಮಾಡಿ ಇಟ್ಟೀದಿ ಅಲ್ಲ?"

ಇಟ್ಟಿದ್ದ. ಆದರೂ ಮನೆ ಇಲ್ಲ ಎಂದು ಹೇಳಿಬಿಡೋಣ ಅಂದುಕೊಂಡ. ಅಷ್ಟರಲ್ಲಿ ಭುವನಾ ನೆನಪಾದಳು. ಹೆಣ್ಣು ನೋಡಲು ಹೋದಾಗ ಅವಲಕ್ಕಿ ಪ್ಲೇಟು ಕೊಡುತ್ತ ಆಕೆ ಮೆಲ್ಲಗೆ, "ಹಸಿಮೆಣಸಿನಕಾಯಿ ತಗದ ತಿನ್ರಿ, ಭಾಳ ಖಾರ ಅದಾವು" ಎಂದಿದ್ದಳು. ಹುಟ್ಟಿದಾಗಿನಿಂದ ಅವನ ಹೊಟ್ಟೆಯ ಬಗ್ಗೆ ಹೊರಗಿನವರು ಯಾರೂ ಇಷ್ಟು ಕಾಳಜಿ ಮಾಡಿರಲಿಲ್ಲ. ಈ ಹುಡುಗಿ ಕೈತಪ್ಪಿದರೆ ತನ್ನ ಕತೆ ಮುಗಿಯಿತು ಎಂದು ಅವನಿಗೆ ಖಾತ್ರಿಯಾಗಿತ್ತು. ಹೂಂ ಅಂದ.

ಚಿತ್ರ ಪ್ರಿಂಟ್ ಹಾಕಿ ಎದುರಿನ ಸೈಕಲ್ ಅಂಗಡಿಯ ದಾದಾಪೀರನಿಗೆ ತೋರಿಸಿದ. ದಾದಾಪೀರ ಕೈಯ ಗ್ರೀಸು ಒರೆಸಿಕೊಂಡು ನೋಡಿದ.

"ಇದು ಫೋಟೋ ಅಲ್ರಿ, ಕೇಕು."

"ಯಾಕ?"

"ಬ್ಯಾಡಗಿಯಾಗ ಇಷ್ಟು ಹಸರ ಹುಲ್ಲಿದ್ರ ಎಮ್ಮಿ ಬಿಡತಿದ್ವೇನ್ರಿ? ಈ ಮೂರೂ ಗಿಡ ನೋಡ್ರಿ, ಒಂದ ತಾಯಿ ಮಕ್ಕಳಿದ್ದಂಗ ಅದಾವು. ಗಿಡದ ನೆರಳ ಆ ಕಡೆ ಬಿದ್ದೈತಿ, ಮನಿ ನೆರಳ ಈ ಕಡೆ. ನಿಮ್ಮ ಸೈಟಿಗೆ ಎಷ್ಟ ಮಂದಿ ಸೂರ್ಯ ಬರ್ತಾರ?"

ವಿಜಯಮಹಾಂತೇಶ ಒಳಗೆ ಹೋಗಿ ಹುಲ್ಲು ಒಣಗಿಸಿದ. ಒಂದು ಗಿಡದ ಟೊಂಗೆ ಮುರಿದ. ಸೂರ್ಯನನ್ನು ಒಂದೇ ಕಡೆ ನಿಲ್ಲಿಸಿದ. ಚಿತ್ರ ಪೂರ್ತಿ ತಯಾರಾಗುವ ಹೊತ್ತಿಗೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿಂದ ಮಾಡಿದ.

ಈಗ ಪದ್ಮಾಬಾಯಿಯವರು ಕನ್ನಡಕ ಹಾಕಿಕೊಂಡು ಬಂದರು. "ಗೋಡಿ ಇಸ್ತ್ರಿ ಮಾಡಿದಂಗ ಅದ ಅಲ್ಲೊ. ಮಳಿಗಾಲ ಕಂಡ ಗೋಡಿ ಹಿಂಗ ಇರ್ತದೇನು?"

ಪೈಪಿನ ಕೆಳಗೆ ನೀರು ಸೋರಿದ ಕರೆ ಹಾಕಿದ. ಆಕಾಶಕ್ಕೆ ಸ್ವಲ್ಪ ಧೂಳು ಬೆರೆಸಿದ. ಕರೆಂಟ್ ಕಂಬ ನಿಲ್ಲಿಸಿ ವೈರು ಜೋತುಬಿಟ್ಟ. ಕಂಪೌಂಡ್ ಗೋಡೆಗೆ ಯಾರೋ ಎಲಿಅಡಿಕೆ ಉಗುಳಿ ಹೋದರು. ಯಾರಲ್ಲ, ಇವನೇ. ಸ್ವಂತ ಮನೆಯನ್ನು ಇಷ್ಟು ಮುತುವರ್ಜಿಯಿಂದ ಹೊಲಸು ಮಾಡಿದವರನ್ನು ನಾನಂತೂ ಕಂಡಿಲ್ಲ.

"ಈಗ ಖರೇ ಮನಿ ಆತು ನೋಡ್ರಿ," ಎಂದ ದಾದಾಪೀರ. "ಆದ್ರ ಒಂದ ಮಾತು. ಯಾರೂ ಇದ್ದಂಗ ಇಲ್ಲ. ದೆವ್ವ ಹೊಕ್ಕ ಮನಿ ಆಗೈತಿ."

"ಹೌದ ನೋಡು," ಎಂದರು ಪದ್ಮಾಬಾಯಿ. ತಾವೇ ತಮ್ಮ ಗಿಣಿಹಸಿರು ಸೀರೆ ತಂದು ಹಗ್ಗಕ್ಕೆ ಹರವಿದರು. ವಿಜಯಮಹಾಂತೇಶ ಅದನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದು ಚಿತ್ರದ ಮನೆಯ ಮಾಳಿಗೆಯ ಮೇಲೆ ಒಣಹಾಕಿದ. ಅವರ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟ. ದಾದಾಪೀರ ರಿಪೇರಿಗೆ ಬಂದಿದ್ದ ಮೂರುಗಾಲಿಯ ಕೂಸಿನ ಸೈಕಲ್ಲು ಕೊಟ್ಟ. ಅದನ್ನೂ ಅಂಗಳದಲ್ಲಿ ಅಡ್ಡಾಗಿ ಕೆಡವಿದ. ಕೊನೆಯ ಪ್ರಿಂಟು ಕೈಗೆ ಬಂದಾಗ ಅವನಿಗೇ ಒಂದು ಗಳಿಗೆ, ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂಡಬೇಕು ಅನ್ನಿಸಿತು. ಅಷ್ಟು ಖುಷಿಯಾಗಿತ್ತು ಪುಣ್ಯಾತ್ಮನಿಗೆ.

ಸಂಜೆ ಕೊಟ್ರಪ್ಪ ಬಂದರು. ಚಹಾ ಕುಡಿದರು. ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನೀರಿನ ಕರೆಯ ಮೇಲೆ ಬೆರಳಿಟ್ಟರು.

"ಪೈಪ ಸೋರತೈತಿ. ಲಗೂ ರಿಪೇರಿ ಮಾಡಸ್ರಿ, ಗೋಡಿ ಹಾಳಾಕ್ಕೈತಿ."

ಪದ್ಮಾಬಾಯಿ ಬಾಗಿಲಲ್ಲಿ ಬಂದು ನಿಂತಿದ್ದ ದಾದಾಪೀರನ ಕಡೆ ನೋಡಿ ನಕ್ಕರು. ವಿಜಯಮಹಾಂತೇಶನ ಎದೆ ಹಗುರಾಯಿತು.

"ಮನಿ ಖಾಲಿ ಐತಿ, ಯಾರಿಗೂ ಬಾಡಿಗಿ ಕೊಟ್ಟಿಲ್ಲ ಅಂತ ಫೋನಿನ್ಯಾಗ ಅಂದಿದ್ರಿ," ಎಂದರು ಕೊಟ್ರಪ್ಪ.

"ಒಬ್ಬರಿಗೂ ಕೊಟ್ಟಿಲ್ರಿ. ನಿಮ್ಮ ಮಗಳೇ ಮೊದಲ ಕಾಲಿಡಬೇಕು ಅಂತ ಇಟ್ಟಾನ," ಎಂದರು ಪದ್ಮಾಬಾಯಿ.

"ಹಂಗಾರ ಈ ಸೀರಿ ಯಾರದು?"

ಪದ್ಮಾಬಾಯಿ ಚಹಾದ ಖಾಲಿ ಕಪ್ಪು ಎತ್ತಿಡತೊಡಗಿದರು.

"ಚಪ್ಪಲಿ ಯಾರವು? ಈ ಸೈಕಲ್ ಹೊಡಿಯೂ ಕೂಸು ಯಾರದು?"

ವಿಜಯಮಹಾಂತೇಶ ಲೆಕ್ಕ ಹಾಕಿದ. ಮನೆ ಇದೆ ಎಂದರೆ ಹೆಂಡತಿ ಇದ್ದಾಳೆ. ಹೆಂಡತಿ ಇಲ್ಲ ಎಂದರೆ ಮನೆ ಇಲ್ಲ. ಅವನು ಜನ್ಮದಲ್ಲಿ ಮೊದಲ ಸಲ ಧೈರ್ಯ ಮಾಡಿದ.

"ಸೀರಿ ಖರೇ ಅಲ್ರಿ. ಕಂಪ್ಯೂಟರಿನ್ಯಾಗ ಮಾಡೇನಿ. ಮನೀನೂ ಖರೇ ಅಲ್ರಿ."

ಕೊಟ್ರಪ್ಪನವರಿಗೆ ಸಿಟ್ಟು ಬಂತು. "ಹೆಂಡ್ತೀನ ಮುಚ್ಚಿಡಾಕ ಮನೀನ ಇಲ್ಲ ಅಂತೀಯಲ್ಲೋ! ಸೋರೂ ಪೈಪ ಯಾರಾರ ಕಂಪ್ಯೂಟರಿನ್ಯಾಗ ಮಾಡ್ತಾರೇನ?"

"ಬರ್ರಿ, ತೋರಸ್ತೀನಿ."

ಎಲ್ಲರನ್ನೂ ಮಾನಿಟರಿನ ಮುಂದೆ ಕೂರಿಸಿದ. ಒಂದು ಗುಂಡಿ ಒತ್ತಿದ, ಸೀರೆ ಹೋಯಿತು. ಚಪ್ಪಲಿ ಹೋದವು. ಸೈಕಲ್ಲು ಹೋಯಿತು. ಮನೆಯೂ ಹೋಯಿತು. ಒಣಹುಲ್ಲಿನ ಮೇಲೆ ಕಂಬವೊಂದು ಉಳಿಯಿತು.

"ಸೈಟ್ ಮಾತ್ರ ಖರೇನ ಐತ್ರಿ. ಇಂಥಾದ್ದೇ ಮನಿ ಕಟ್ಟಸ್ತೀನ್ರಿ, ಆಣಿ ಮಾಡಿ ಹೇಳತೀನಿ. ಭುವನಾನ್ನ ಚಂದಂಗ ನೋಡ್ಕೋತೀನಿ."

ಕೊಟ್ರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಸಿಟ್ಟು ಇಳಿದಂತೆ ಕಂಡಿತು. ಪದ್ಮಾಬಾಯಿ ಇನ್ನೊಂದು ಸುತ್ತು ಚಹಾಕ್ಕೆ ಏಳುವವರಿದ್ದರು.

"ಮನಿ ಇಲ್ಲಾಂದ್ರೂ ನಡೀತಿತ್ತಪಾ," ಎಂದರು ಕೊಟ್ರಪ್ಪ. "ನಾನೂ ಗುಡಿಸಲದಾಗ ಸಂಸಾರ ಮಾಡಿದಾವ. ಆದ್ರ ನನ್ನ ಕಣ್ಣೆದುರಿಗೇ ಹೆಂಡ್ತಿ, ಕೂಸು, ಮನಿ ಎಲ್ಲಾ ಒಂದ ಬೆರಳಲೇ ಅಳಿಸಿ ಹಾಕಿದಿ. ಕೈ ಸೈತ ನಡಗಲಿಲ್ಲ. ಇಂಥಾವಗ ನನ್ನ ಮಗಳ್ನ ಹೆಂಗ ಕೊಡ್ಲಿ?"

"ಅಯ್ಯೋ, ಅಳಿಸಿಲ್ರಿ! ಇಲ್ಲೇ ಅದಾರ್ರಿ!" ವಿಜಯಮಹಾಂತೇಶ ಗಾಬರಿಯಲ್ಲಿ ಗುಂಡಿಗಳನ್ನು ಕುಟ್ಟಿದ. ಮನೆ ಬಂತು. ಸೈಕಲ್ಲು ಬಂತು. ಚಪ್ಪಲಿ ಬಾಗಿಲಿಗೆ ಬಂದವು, ಸೀರೆ ಮಾಳಿಗೆಯ ಮೇಲೆ ಹರವಿಕೊಂಡಿತು.

"ಅದಾರ ಅಂತ ನಿನ್ನ ಬಾಯಿಲೇ ಬಂತಲ್ಲ," ಎಂದು ಕೊಟ್ರಪ್ಪ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಹೊಸ್ತಿಲು ದಾಟುವ ಮುಂಚೆ ತಿರುಗಿ, ತಂದೆಯಂಥ ದನಿಯಲ್ಲಿ, "ಆ ಕೂಸಿನ ಮಾರಿ ನೋಡಿಯಾದ್ರೂ ಆಕೀನ ಛಲೋತ್ನಂಗ ಬಾಳಸೋ ತಮ್ಮಾ," ಎಂದು ಹೇಳಿ ಗುತ್ತಲದ ಬಸ್ಸಿಗೆ ಹೊರಟುಹೋದರು.