ಹುಮನಾಬಾದಿನ ಪತಂಗ ಭಾಗ್ಯ

ನಮ್ಮ ನೌಕರಿಯಲ್ಲಿ ಹೊಟ್ಟೆಕಿಚ್ಚಿಗೆ ಕಾರಣ ಹುಡುಕಬೇಕಾಗಿರಲಿಲ್ಲ, ಗಾಳಿಯಲ್ಲೇ ಹಾರಿ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನು ಬಸವಕಲ್ಯಾಣದಲ್ಲಿ ಕೃಷಿ ಸಹಾಯಕ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯ ಹುಮನಾಬಾದಿನಲ್ಲಿ. ತೊಗರಿ ಕಾಯಿ ಕೊರೆಯುವ ಹುಳದ ಪತಂಗ ಬಂದಿತೇ ಎಂದು ನೋಡಲು ಇಬ್ಬರಿಗೂ ಒಂದೊಂದು ದೀಪದ ಬಲೆ ಕೊಟ್ಟಿದ್ದರು. ಬೆಳಕಿಗೆ ಬಂದದ್ದು ಕೆಳಗಿನ ಡಬ್ಬಿಗೆ ಬೀಳಬೇಕು.

೧. ಖಾಲಿ ಡಬ್ಬಿ

ಅವನ ಡಬ್ಬಿ ದಿನಾ ತುಂಬುತ್ತಿತ್ತು. ನನ್ನದರಲ್ಲಿ ಬರೀ ಸೊಳ್ಳೆ. ಬೀದರಿನಿಂದ ಬಂದ ಸಾಹೇಬರು, "ಹುಮನಾಬಾದದವರು ಕೆಲಸಾ ಮಾಡಾಕತ್ತಾರ. ನೀವೇನ್ ಮಾಡಾಕತ್ತೀರಿ?" ಎಂದರು.

"ಪತಂಗ ಗಾಳಿ ಹಿಡಿದು ನೂರಾರು ಮೈಲಿ ಬರ್ತಾವ್ರಿ ಸಾಹೇಬ್ರ. ಗಾಳಿ ಎಲ್ಲಿ ಇಳಸ್ತದೋ ಅಲ್ಲೇ."

"ಗಾಳೀಗೂ ನಿಮ್ಮ ಕೆಲಸಾ ಗೊತ್ತದ ಬಿಡ್ರಿ!"

ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ನಿಟ್ಟುಸಿರು ಬಿಟ್ಟಳು: "ಅವರಿಗಿ ಪ್ರಮೋಶನ್ ಬಂತು, ಸುಮ್ಮನಿದ್ದೆ. ಈಗ ಹುಳಾನೂ ಅವರಿಗೇ ಏನ್ರಿ?"

೨. ಅಣ್ಣನ ತೊಗರಿ

ಹತ್ತಿರದ ಮೋರಖಂಡಿ ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರ ಹೊಲ, ನಡುವೆ ಒಂದೇ ಬದು. ಅಣ್ಣನ ತೊಗರಿಗೆ ಹುಳ ಬಿತ್ತು. "ತಮ್ಮನೇ ಹೊಟ್ಟೆಕಿಚ್ಚಿಗೆ ಬಿಟ್ಟಾನ್ರಿ" ಎಂದು ಕೂಗಾಡಿದ. ಇವು ಬದು ದಾಟಿ ಬಂದವಲ್ಲ, ಎಲ್ಲಿಂದಲೋ ಗಾಳಿಯ ಮೇಲೆ ಬಂದು ಮೊಟ್ಟೆ ಇಟ್ಟ ಪತಂಗದ ಮರಿ ಎಂದು ತಿಳಿಸಿದೆ. ಅಣ್ಣ ತಣ್ಣಗಾಗಿ ಔಷಧ ಹೊಡೆಯಲು ಹೋದ.

ಈಗ ತಮ್ಮನ ಮುಖ ಸಣ್ಣದಾಯಿತು. "ಅಷ್ಟು ದೂರದಿಂದ ಬಂದು ಅಣ್ಣನ ಹೊಲದಾಗೇ ಇಳದಾವಂದ್ರ, ನನ್ನ ತೊಗರಿಗಿ ಏನ್ ಕಮ್ಮಿ ಆಗೇದ್ರಿ?"

೩. ಬಸ್ಸಿನ ಸವಾರಿ

ಕೊನೆಗೊಂದು ಬೆಳಿಗ್ಗೆ ನನ್ನ ಡಬ್ಬಿಯೂ ತುಂಬಿತು! ಸುತ್ತಲ ರೈತರಿಗೆ ಸುದ್ದಿ ಮುಟ್ಟಿಸಿದವನೇ, ಜೀವಂತ ಪತಂಗಗಳನ್ನು ಗಾಜಿನ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹುಮನಾಬಾದಿನ ಬಸ್ಸು ಹತ್ತಿದೆ. ಸಾಹೇಬರು ಅವತ್ತು ಅಲ್ಲೇ ಇದ್ದರು. ಗೆಳೆಯನ ಮುಂದೆಯೇ ತೋರಿಸಬೇಕೆಂಬ ಹಟ ನನ್ನದು.

ಊರು ಇನ್ನೇನು ಬಂತು ಅನ್ನುವಾಗ ಬಸ್ಸು ಗುಂಡಿಗೆ ಬಿತ್ತು, ಭರಣಿಯ ಬಟ್ಟೆ ಬಿಚ್ಚಿಕೊಂಡಿತು. ಬಸ್ಸಿನ ತುಂಬ ಪತಂಗ! ಒಬ್ಬರು ಟೋಪಿಯಿಂದ ಹೊಡೆದರೆ, ಮುದುಕಿಯೊಬ್ಬಳು ಸೆರಗು ಮುಚ್ಚಿಕೊಂಡು, "ಯಪ್ಪಾ, ಬಾಗಿಲಾ ತಗೀರಿ!" ಎಂದು ಕಿರುಚಿದಳು. ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲು ತೆರೆದದ್ದೇ ತಡ, ಜನರಿಗಿಂತ ಮೊದಲು ಪತಂಗ ಇಳಿದವು.

ಎದುರಿಗೇ ಚಹಾ ಕುಡಿಯುತ್ತ ಸಾಹೇಬರು, ಪಕ್ಕದಲ್ಲಿ ಗೆಳೆಯ. ಅಂಗಿಯ ಮೇಲೆ ಕೂತ ಪತಂಗವನ್ನು ಅವನು ಮೆಲ್ಲಗೆ ಹಿಡಿದು ಎತ್ತಿ ತೋರಿಸಿದ: "ನೋಡ್ರಿ ಸಾಹೇಬ್ರ, ನಮ್ಮ ಹುಮನಾಬಾದಕ್ಕ ಹಗಲಿನಾಗೂ ಬರಾಕತ್ತಾವ!"

ಸಾಹೇಬರು ಅವನ ಬೆನ್ನು ತಟ್ಟಿದರು. ಆಮೇಲೆ ನನ್ನ ಕೈಯ ಖಾಲಿ ಭರಣಿ ನೋಡಿ ಕೇಳಿದರು:

"ನೀವೂ ನಾಕು ಇಸಗೊಂಡು ಹೋಗಾಕ ಬಂದೀರೇನ್ರಿ?"