ಮೂರು ಸಲ ಸತ್ತ ಸೈನಿಕ

ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಲಾರದವರೇ ಕಟುವಾದ ವಿಮರ್ಶೆ ಬರೆಯುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ನಂಜನಗೂಡಿನ ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ‘ಸಾರಿ’ ಹೇಳುತ್ತೇನೆ. ವಾರಪತ್ರಿಕೆಯೊಂದರಲ್ಲಿ ಮಾತ್ರ ಗುಪ್ತನಾಮದಿಂದ ಸಿನಿಮಾಗಳ ಚರ್ಮ ಸುಲಿಯುತ್ತೇನೆ. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈಚೆಗೆ ಪಾಳೇಗಾರರ ಕಾಲದ ಒಂದು ಸಿನಿಮಾ ಬಂತು. ಹತ್ತು ನಿಮಿಷಕ್ಕೊಂದು ದ್ವಂದ್ವಯುದ್ಧ. ಉಳಿದ ವಿಮರ್ಶಕರು ವೈಭವ, ಗಾಂಭೀರ್ಯ ಎಂದೆಲ್ಲ ಹೊಗಳಿದರು. ನಾನು ಬರೆದೆ: ‘ನಾಯಕ ಮೂವರು ಸೈನಿಕರನ್ನು ಕೊಲ್ಲುತ್ತಾನೆ. ಮೂವರೂ ಒಬ್ಬನೇ. ಅದೇ ಗಡ್ಡ, ಅದೇ ಹೊಟ್ಟೆ, ರುಮಾಲು ಮಾತ್ರ ಬೇರೆ.’ ಬರೆದು ಒಬ್ಬಳೇ ನಕ್ಕಿದ್ದೆ.

ಮುಂದಿನ ಭಾನುವಾರ ತಿ. ನರಸೀಪುರದ ಸೋದರಮಾವನ ಮನೆಗೆ ಹೋದೆ. ಮಾವ ಟೈಲರ್, ಊರಿನ ಪೌರಾಣಿಕ ನಾಟಕಗಳ ಕಾಯಂ ಖಳನಾಯಕ. ಕೂರುವ ಮೊದಲೇ ನನ್ನ ವಿಮರ್ಶೆಯಿದ್ದ ಪತ್ರಿಕೆಯನ್ನು ಕೈಗಿಟ್ಟರು. “ಓದವ್ವ, ನಿಮ್ಮತ್ತೆ ಕೇಳ್ಲಿ. ನಮ್ಮೂರ್ ಒಳೆ ತಾವ ಸೂಟಿಂಗ್ ಆಯ್ತಲ್ಲ, ಆ ಸೈನಿಕ ನಾನೇ ಕಣವ್ವ!”

ಅಂಟಿಸಿದ ಗಡ್ಡದೊಳಗೆ ಸ್ವಂತ ಮಾವನನ್ನೇ ನಾನು ಗುರುತಿಸಿರಲಿಲ್ಲ. ಓದಿದೆ. ‘ಅದೇ ಗಡ್ಡ’ ಎಂದವಳು ಕೆಮ್ಮಿ, ರುಮಾಲಿಗೆ ಹಾರಿದೆ.

“ಒಟ್ಟೆ ಬುಟ್‌ಬುಟ್ಟೆ ಕಣವ್ವ,” ಎಂದರು ಮಾವ. ಬಾಯಿಪಾಠವಾಗಿತ್ತು.

“ಒಂದ್ಸಲ ಸತ್ರೆ ಸಾಲ್ದಾಗಿತ್ತಾ ನಿಮ್ಗೆ?” ಎಂದರು ಅತ್ತೆ.

“ಊರ್ ನಾಟಕದಲ್ಲಿ ಜನ ಒನ್ಸ್‌ಮೋರ್ ಅಂದಾಗ ಎದ್ದು ಇನ್ನೊಂದ್ ದಪ ಸತ್ತಿಲ್ವಾ? ಅಂಗೇ ಇದೂವೆ.” ಮಾವ ನನ್ನ ಕಡೆ ತಿರುಗಿದರು. “ಮಿಕ್ಕೋರೆಲ್ಲ ಈರೋನ್ನೇ ನೋಡವ್ರೆ. ಇದ ಬರ್ದೋನೊಬ್ಬ ಮೂರ್ ಸಲಾನೂ ನನ್ನೇ ನೋಡವ್ನೆ. ಮೂವತ್ತು ವರ್ಸ ಬಣ್ಣ ಅಚ್ಚಿವ್ನಿ, ಯಾವನೂ ನನ್ ಬಗ್ಗೆ ಒಂದು ಸಾಲು ಬರ್ದಿರ್ನಿಲ್ಲ.”

ಬರೆದವಳು ನಾನೇ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವರನ್ನು ಕಂಡುಹಿಡಿದ ಆ ಅಪರಿಚಿತ ಇಲ್ಲವಾಗುತ್ತಾನೆ. ಮನೆಯ ಹುಡುಗಿ ಹೊಟ್ಟೆಯನ್ನು ಆಡಿಕೊಂಡದ್ದಷ್ಟೇ ಉಳಿಯುತ್ತದೆ. ಬಾಯಿ ಮುಚ್ಚಿದೆ. ಇದು ಕರುಣೆಯೋ ಹೇಡಿತನವೋ, ನನ್ನಲ್ಲಿ ಎರಡೂ ಒಂದೇ ರುಮಾಲು ಸುತ್ತಿಕೊಂಡಿರುತ್ತವೆ.

“ನಿನ್ ಅಕ್ಸರ ಚೆಂದಾಗದೆ. ಆ ಪುಣ್ಯಾತ್ಮಂಗೆ ಒಂದು ಕಾಗ್ದ ಬರ್ಕೊಡವ್ವ,” ಎಂದರು ಮಾವ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕೆಳಗೆ ಅವರು ರುಜು ಹಾಕಿದರು.

ಪತ್ರಿಕೆಯವರು ಅದನ್ನು ನನಗೆ ಕಳಿಸಿಕೊಟ್ಟಿದ್ದಾರೆ. ನನಗೆ ಬಂದಿರುವ ಏಕೈಕ ಮೆಚ್ಚುಗೆಯ ಪತ್ರ. ಅಕ್ಷರ ನಿಜಕ್ಕೂ ಚೆನ್ನಾಗಿದೆ.