ಮಡಿಯಲ್ಲಿ ಕಾರ್ ರೇಸು

ಇಡೀ ಶಿಗ್ಗಾಂವದಲ್ಲಿ ಮಡಿಸೀರೆ ಉಟ್ಟು ಕಾರ್ ರೇಸ್ ಆಡುವವರು ನಮ್ಮ ಕಾಕು ಒಬ್ಬರೇ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಶಿಗ್ಗಾಂವವೇ ಏಕೆ, ಇತ್ತ ಹಾನಗಲ್ಲು, ಅತ್ತ ಸವಣೂರು, ಬೇಕಾದರೆ ಹಿರೇಕೆರೂರಿನ ತನಕ ಹುಡುಕಿ ಬನ್ನಿ. ಮಡಿ ಮಾಡುವವರು ಸಿಕ್ಕಾರು, ಕಾರ್ ರೇಸ್ ಆಡುವವರಂತೂ ಓಣಿಗೆ ಹತ್ತು ಮಂದಿ ಸಿಕ್ಕಾರು. ಆದರೆ ಒಲೆಯ ಮೇಲೆ ಬೇಳೆ ಇಟ್ಟು, ಅಡಿಗೆಮನೆಯ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತು, ಪಡಸಾಲೆಯ ಟಿವಿಯಲ್ಲಿ ಕೆಂಪು ಕಾರು ಓಡಿಸುವವರನ್ನು ಒಬ್ಬರನ್ನಾದರೂ ತೋರಿಸಿ, ನೋಡೋಣ!

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಅರವತ್ತು ದಾಟಿ ಬಹಳ ವರ್ಷವಾಯಿತು. ಆಟ ಮೊಬೈಲಿನಲ್ಲಿರುತ್ತದೆ, ಚಿತ್ರ ಟಿವಿಯ ಮೇಲೆ ಬರುತ್ತದೆ, ಕೈಯಲ್ಲಿ ತಂತಿಯಿಲ್ಲದ ಕಂಟ್ರೋಲರ್ ಇರುತ್ತದೆ. ಇದೆಲ್ಲ ಅವರಿಗೆ ಬಂದದ್ದು ಆಸೆಯಿಂದಲ್ಲ, ಕಾಕಾನ ಕೈಯಿಂದ.

ಕಾಕಾ ನಿವೃತ್ತ ಸಂಸ್ಕೃತ ಮಾಸ್ತರರು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಅವರಿಗೆ ಲಕ್ವ ಹೊಡೆಯಿತು. ನಡಿಗೆ ಮರಳಿ ಬಂತು, ಮಾತು ಬಂತು, ಮಾತಿನ ಜೊತೆಗೆ ಸಿಟ್ಟೂ ಬಂತು. ಬಲಗೈಯ ಬೆರಳುಗಳು ಮಾತ್ರ ಬರಲಿಲ್ಲ. ಹುಬ್ಬಳ್ಳಿಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾಲೂ ಹಿಚುಕಲು ಹೇಳಿದಳು. ಕಾಕಾ ಮನೆಗೆ ಬಂದವರೇ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. ತಾವೇನು ಕೂಸೇ ಎಂಬುದು ಅವರ ಪ್ರಶ್ನೆ.

ಎಡಗೈಯಲ್ಲಿ ಉಣ್ಣುವುದು ನಮ್ಮ ಮನೆಯಲ್ಲಿ ಆಗದ ಮಾತು. ಹೀಗಾಗಿ ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಾಕುವೇ ಚಮಚದಿಂದ ಉಣಿಸಬೇಕಾಯಿತು. ಅದನ್ನು ಯಾರೂ ನೋಡಕೂಡದು. ಮನೆಗೆ ಯಾರಾದರೂ ಬಂದರೆ ಕಾಕಾನಿಗೆ ಹಸಿವೆಯೇ ಇರುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತು ಮೂರು ಸಲ ಸಾರು ಹಾಕಿಸಿಕೊಳ್ಳುತ್ತಿದ್ದ ಮನುಷ್ಯ ಮದುವೆ ಮುಂಜಿವೆಗೆ ಹೋಗುವುದನ್ನೇ ಬಿಟ್ಟರು. ನಮಗೆಲ್ಲ ಅದೇ ಚಿಂತೆ.

ಚೆಂಡು ಬೇಡವೆಂದರೆ ಗುಂಡಿ ಒತ್ತುವ ಆಟವಾದರೂ ಆಡಿಸಿ ಎಂದು ಅದೇ ಹುಡುಗಿ ಹೇಳಿದಳಂತೆ. ಕಾಕು ನೆಟ್ಟಗೆ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯವ ಒಂದು ಜೋಡಿ ಕಂಟ್ರೋಲರ್ ತೆಗೆದಿಟ್ಟು ಕೇಳಿದ:

"ಮೊಮ್ಮಗಗ ಎಷ್ಟ್ ವರ್ಷರಿ ಅವ್ವಾರ? ಸಣ್ಣಾಂವ ಇದ್ರ ಸಣ್ಣ ಸೈಜಿಂದು ಕೊಡ್ತೇನಿ."

"ಎಪ್ಪತ್ತೆರಡು," ಎಂದರು ಕಾಕು.

ಅವನು ದೊಡ್ಡ ಸೈಜಿನದನ್ನೇ ಕಟ್ಟಿದ. ಇದಕ್ಕೆ ಎಲ್ಲಿಯೂ ತಂತಿ ಇಲ್ಲವಲ್ಲ ಎಂದು ಕಾಕು ನಾಲ್ಕು ಸಲ ಕೇಳಿ ಖಾತ್ರಿ ಮಾಡಿಕೊಂಡರಂತೆ. ಅನುಕೂಲಕ್ಕೆ ಕೇಳುತ್ತಿದ್ದಾರೆಂದು ಆ ಬಡಪಾಯಿ ತಿಳಿದಿರಬೇಕು! ಮೈಲಿಗೆ ತಂತಿಯಗುಂಟ ಬರುತ್ತದೆ, ಗಾಳಿಯಲ್ಲಿ ಬರುವುದಿಲ್ಲ ಎಂಬುದು ಕಾಕುವಿನ ಸಿದ್ಧಾಂತ. ಮುಟ್ಟಿದ ಕಂಟ್ರೋಲರಿನ ಗತಿ ಏನು ಎನ್ನುತ್ತೀರಾ? ಅದಕ್ಕೂ ವ್ಯವಸ್ಥೆಯಾಯಿತು. ಉಣ್ಣೆಯ ಧಾಬಳಿಗೆ ಮೈಲಿಗೆ ತಟ್ಟುವುದಿಲ್ಲವಲ್ಲ, ಕಾಕಾನ ಹಳೆಯ ಧಾಬಳಿಯ ತುಂಡೊಂದನ್ನು ಕತ್ತರಿಸಿ, ಗುಂಡಿಗಳಿಗೆ ತೂತು ಬಿಟ್ಟು, ಕೂಸಿನ ಕುಲಾವಿಯ ಹಾಗೆ ಒಂದು ಗವಸು ಹೊಲಿದರು. ಜೋಡಿಯಲ್ಲಿ ಒಂದು ಮಡಿಯದು, ಒಂದು ಮೈಲಿಗೆಯದು. ಕಂಟ್ರೋಲರ್ ಮಾಡಿದ ಕಂಪನಿಯವರಿಗೆ ಇದು ಹೊಳೆದಿರಲಿಕ್ಕಿಲ್ಲ.

ಕಾಕಾ ಅದನ್ನೂ ಮುಟ್ಟಲಿಲ್ಲ. ಜನ್ಮವೆಲ್ಲ ಸಂಸ್ಕೃತ ಕಲಿಸಿದವರು ಹುಡುಗರ ಆಟಿಕೆ ಹಿಡಿಯಬೇಕೇ? ಹಾಗಾದರೆ ಹೇಗೆ ಆಡುವುದೆಂದು ತಾನಾದರೂ ತೋರಿಸುತ್ತೇನೆ ಎಂದು ಕಾಕು ಕೂತರು. ಕೂತವರು ಏಳಲಿಲ್ಲ. ಔಷಧ ತಂದದ್ದು ರೋಗಿಗೆ, ಕುಡಿದದ್ದು ತಂದವರು!

ಮೊದಲು ಹಿಡಿದದ್ದು ಹಣ್ಣು ಕತ್ತರಿಸುವ ಆಟ. ಮೇಲೆ ಹಾರುವ ಹಣ್ಣನ್ನು ಕೆಳಗೆ ಬೀಳುವುದರೊಳಗೆ ಹೆಚ್ಚಬೇಕು. ಕಾಕುವಿಗೆ ಕೈ ಪಳಗುವ ಹೊತ್ತಿಗೆ ಸರಿಯಾಗಿ ಚಾತುರ್ಮಾಸ ಬಂತು. ಅದರ ಮೊದಲ ತಿಂಗಳು ಶಾಕವ್ರತ, ಕಾಯಿಪಲ್ಲೆ ಹಣ್ಣು ಯಾವುದೂ ಇಲ್ಲ. ವ್ರತದಲ್ಲಿ ಟಿವಿಯೊಳಗಿನ ಹಣ್ಣು ಹೆಚ್ಚಬಹುದೇ ಎಂದು ಕಾಕು ಕಾಕಾನನ್ನು ಕೇಳಿದರು. ಮಾಸ್ತರರು ಕಣ್ಣು ಮುಚ್ಚಿ ವಿಚಾರ ಮಾಡಿ, ಮಾವಿನಹಣ್ಣು ಮಾತ್ರ ನಡೆಯುತ್ತದೆ ಎಂದು ತೀರ್ಪು ಕೊಟ್ಟರು. ಕಾಕು ಅಂದಿನಿಂದ ಮಾವು ಬಂದರೆ ಮಾತ್ರ ಕತ್ತರಿಸಿ, ಕಲ್ಲಂಗಡಿ, ಬಾಳೆ, ಸೇಬು ಎಲ್ಲವನ್ನೂ ಕೈಕಟ್ಟಿ ಕೂತು ಬೀಳಲು ಬಿಟ್ಟರು. ಮೂರು ಹಣ್ಣು ಬಿದ್ದರೆ ಆಟ ಮುಗಿಯುತ್ತದೆ. ಆಟ ಮಾಡಿದವರಿಗೆ ಚಾತುರ್ಮಾಸ ಗೊತ್ತಿಲ್ಲವೆಂದು ಬೈದು ಕಾಕು ಕಾರ್ ರೇಸಿಗೆ ಬಂದರು.

ಅಲ್ಲಿಯ ಕಥೆ ಕೇಳಬೇಡಿ. ಹಿಂದಿನಿಂದ ಯಾರು ಬಂದರೂ ಕಾಕು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಪಾಪ, ಅವರಿಗೇನು ಅವಸರವೋ! ದಾರಿಯಲ್ಲಿ ಗೋಪುರದಂಥದ್ದೇನಾದರೂ ಕಂಡರೆ ಎರಡೂ ಕೈ ಬಿಟ್ಟು ನಮಸ್ಕಾರ ಮಾಡುತ್ತಾರೆ, ಕಾರು ಹೋಗಿ ಗಟಾರಿಗೆ ಬೀಳುತ್ತದೆ. ಒಮ್ಮೆ ನಡುರೇಸಿನಲ್ಲಿ ಹಾನಗಲ್ಲಿನಿಂದ ನನ್ನ ಅಪ್ಪ ಫೋನು ಮಾಡಿದರು. ಮೊಬೈಲಿಗೆ ಫೋನು ಬಂದರೆ ಅದೂ ಟಿವಿಯ ಮೇಲೆಯೇ ಕಾಣಬೇಕಲ್ಲ. ಕಾರು, ರಸ್ತೆ ಎಲ್ಲ ಮಾಯವಾಗಿ ನನ್ನ ಅಪ್ಪನ ಮೋರೆ ಬಾಗಿಲಷ್ಟು ದೊಡ್ಡದಾಗಿ ಎದ್ದು ನಿಂತಿತು. ಕಾಕು ದಡಬಡಿಸಿ ಎದ್ದು ಸೆರಗು ಹೊದ್ದು, ಭಾವನವರ ಫೋಟೋದ ಮುಂದೆ ತಲೆ ತಗ್ಗಿಸಿ ನಿಂತರಂತೆ. ಫೋನು ಎತ್ತುವುದು ನೆನಪಾಗಲೇ ಇಲ್ಲ.

ಇದನ್ನೆಲ್ಲ ಮಂಚದ ಮೇಲೆ ಕೂತು ನೋಡುವ ಶಿಕ್ಷೆ ಕಾಕಾನದು. ತಪ್ಪು ಕಂಡರೆ ತಿದ್ದದೆ ಇರಲಾರದ ಜೀವ. ಬಲಕ್ಕೆ ಹೊರಳಿಸು ಎಂದು ಅವರು, ಎಡಕ್ಕೆ ಜಾಗ ಇದೆಯಲ್ಲ ಎಂದು ಇವರು.

ಒಂದು ದಿನ ನಾನು ಅಲ್ಲಿಯೇ ಇದ್ದೆ. ರೇಸಿನ ನಡುವೆ ಒಲೆಯ ಮೇಲಿನ ಹಾಲು ಉಕ್ಕಿತು. "ಇಷ್ಟ್ ಹಿಡೀರಿ," ಎಂದು ಕಾಕು ಕಂಟ್ರೋಲರನ್ನು ಕಾಕಾನ ತೊಡೆಯ ಮೇಲೆ ಒಗೆದು ಒಳಗೆ ಓಡಿದರು. ಕಾರು ನೆಟ್ಟಗೆ ಒಂದು ಕೆರೆಯ ಕಡೆಗೆ ಹೊರಟಿತ್ತು. ಕಾಕಾ ಎಡಗೈಯಿಂದ ಅದನ್ನು ಹೊರಳಿಸಿದರು. ಬ್ರೇಕಿನ ಗುಂಡಿ ಇರುವುದು ಬಲಗಡೆ. ಅವರ ಬಲ ಹೆಬ್ಬೆರಳು ಇದ್ದಲ್ಲೇ ಅಲುಗಿತು, ಸ್ವಲ್ಪ ಎದ್ದಿತು, ಗುಂಡಿಯ ಮೇಲೆ ಬಿತ್ತು. ಅಷ್ಟರಲ್ಲಿ ಕಾರು ಕೆರೆಗೆ ಬಿದ್ದಾಗಿತ್ತು. ಕಾಕಾ ನನ್ನ ಕಡೆ ನೋಡದೆಯೇ ಹೇಳಿದರು:

"ಇನ್ನೊಮ್ಮೆ ಹಚ್ಚು."

ಅಂದಿನಿಂದ ಕಾಕುವಿನ ಆಟ ಮುಗಿಯಿತು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಕೂತರೆ ಕಾಕಾ ಕಂಟ್ರೋಲರ್ ಬಿಡುವುದೇ ಊಟಕ್ಕೆ. "ನನಗ ಒಂದ ಆಟ ಆಡಗೊಡವಲ್ರು ನೋಡವಾ," ಎಂದು ಕಾಕು ನನಗೆ ಫೋನಿನಲ್ಲಿ ದೂರು ಹೇಳುತ್ತಾರೆ. ಕಾಕಾನ ಮನಸ್ಸು ಹೊರಳಲೆಂದು ಬೇಕಂತಲೇ ಸೋಲುತ್ತಿದ್ದಿರೇನು ಎಂದು ನಾನು ಒಮ್ಮೆ ಮೆಚ್ಚುಗೆಯಿಂದ ಕೇಳಿದೆ. ಕಾಕುವಿಗೆ ಭಯಂಕರ ಸಿಟ್ಟು ಬಂತು. ತಾನು ಛಲೋನೇ ಆಡುತ್ತಿದ್ದೆ, ಉಳಿದವರು ಸುಮ್ಮಸುಮ್ಮನೆ ಜೋರಾಗಿ ಓಡಿಸುತ್ತಿದ್ದರು ಎಂದರು.

ಹೋದ ಭಾನುವಾರ ಅಪ್ಪನೂ ನಾನೂ ಶಿಗ್ಗಾಂವಕ್ಕೆ ಹೋಗಿದ್ದೆವು. ಮಧ್ಯಾಹ್ನ ನಮಗೆ ಪಡಸಾಲೆಯಲ್ಲಿ ಬಡಿಸಿ, ಕಾಕು ಎಂದಿನಂತೆ ಬಟ್ಟಲು, ಚಮಚ ಹಿಡಿದು ಒಳಕೋಣೆಗೆ ಹೊರಟರು. ಕಾಕಾ ಮಾತ್ರ ಬಂದು ಅಪ್ಪನ ಪಕ್ಕದ ಮಣೆಯ ಮೇಲೆ ಕೂತು, ತಮಗೂ ಅಲ್ಲಿಯೇ ತಾಟು ಹಾಕಲು ಹೇಳಿದರು. ಕಾಕು ತಾಟು ಇಟ್ಟು, ಅನ್ನ ಹಾಕಿ, ಸಾರು ಹಾಕಿದರು.

ಕಾಕಾನ ಬೆರಳುಗಳು ಅನ್ನದೊಳಗೆ ಇಳಿದವು. ಸರಿಯಾಗಿ ಮಡಿಚಲಿಲ್ಲ, ಹೆಬ್ಬೆರಳೇ ಎಲ್ಲ ಕೆಲಸ ಮಾಡಿತು. ಬಹಳ ಹೊತ್ತು ಕಲಸಿ ಒಂದು ತುತ್ತು ಎತ್ತಿದರು. ಅರ್ಧ ತಾಟಿಗೆ ಬಿತ್ತು, ಅರ್ಧ ಬಾಯಿಗೆ ಹೋಯಿತು. ಅಪ್ಪ ತಮ್ಮನ ಕಡೆ ನೋಡದೆ ತಮ್ಮ ತಾಟನ್ನೇ ನೋಡುತ್ತಿದ್ದರು.

"ಅನ್ನ ಬಿಸಿ ಅದ," ಎಂದರು ಕಾಕಾ. "ಬೆರಳಿಗೆ ಬಿಸಿ ಗೊತ್ತಾಗಿ ವರ್ಷ ಆಗ್ಲಿಕ್ಕೆ ಬಂತು."

ಕಾಕುವಿಗೆ ಗಾಬರಿಯಾಯಿತು. "ಬಾಯಿ ಸುಡ್ತೇನ್ರಿ? ನಾ ದಿನಾ ಆರಿಸಿ ಹಾಕ್ತಿದ್ದೆ, ಇವತ್ತ ಲಕ್ಷ್ಯ ಇರಲಿಲ್ಲ."

"ಅದನ್ನೇ ಹೇಳ್ಲಿಕ್ಕತ್ತೇನಿ," ಎಂದರು ಕಾಕಾ. "ಇಷ್ಟ್ ದಿನಾ ಉಣಿಸಿದಿ, ಒಂದ ದಿನಾನೂ ನನ್ನ ನಾಲಿಗಿ ಸುಡಲಿಲ್ಲ."

ಹೆಂಡತಿಯ ಬಗ್ಗೆ ಕಾಕಾ ಇಂಥ ಮಾತು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕಾಕು ಸೌಟು ಹಿಡಿದುಕೊಂಡು ನಿಂತಲ್ಲೇ ಅತ್ತರು. ಕಾಕಾ ತಲೆ ಎತ್ತಲಿಲ್ಲ. ಎರಡನೆಯ ತುತ್ತು ಕಲಸುತ್ತ, ಇನ್ನಷ್ಟು ಸಾರು ಹಾಕು ಎಂದರು.